ಅಂಗುಳಕ್ಕೊತ್ತಿದ ಬೆಲ್ಲ

ಇವತ್ತು ಬೆಳಗ್ಗೆ ತೊಟ್ಟಿ ತೊಳೆದು ನೀರು ತುಂಬಿಸಿದೆ, ನೆನೆಸಿಟ್ಟ ಅವರೆಕಾಳು ಹಿತುಕಿದೆ, ಹಿತ್ತಲು ಗುಡಿಸಿದೆ, ಟ್ರಂಕಿನ ಬಟ್ಟೆಯೆಲ್ಲ ಬಿಸಿಲಿಗೆ ಹಾಕಿದೆ. ತಳದಲ್ಲಿ ಕೆಂಪಂಚಿನ ಒಂದು ಬಟ್ಟೆಪಟ್ಟಿ ಸಿಕ್ಕಿತು. ಮೂಗಿಗೆ ಹಿಡಿದೆ. ಇಷ್ಟು ವರ್ಷವಾದರೂ ಮಗ್ಗದ ಗಂಜಿಯ ಹುಳಿವಾಸನೆ ಹೋಗಿಲ್ಲ. ಅದರ ಬೆನ್ನಿಗೇ ನಮ್ಮ ಅಜ್ಜಿಯ ದನಿ: "ಬಾಯಿ ಮುಚ್ಚೇ ಪುಟ್ಟಿ." ನಿಮ್ಮ ಮನೆಯಲ್ಲೂ ಇಂಥದೊಂದು ದನಿ ಇದ್ದಿರಬೇಕು, ಇದ್ದಾಗ ತಲೆ ತಿನ್ನುತ್ತಿದ್ದದ್ದು.

ಪುಟ್ಟಿ ನನ್ನ ತಂಗಿ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಪಡಸಾಲೆಯೇ ಮಗ್ಗದ ಜಾಗ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಿದ್ದ, ನಾವಿಬ್ಬರೂ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದೆವು. ಯುದ್ಧದ ಕಾಲ, ನೂಲಿಗೆ ಕಂಟ್ರೋಲು. ಸಿಕ್ಕ ನೂಲೂ ಹಾಳು ನೂಲು, ಮುಟ್ಟಿದರೆ ಹತ್ತಿಯ ಧೂಳಿನಂಥ ಜುಂಗು ಏಳುತ್ತಿತ್ತು. ಕಿಟಕಿಯ ಬಿಸಿಲಲ್ಲಿ ಆ ಜುಂಗು ತೇಲುತ್ತಿದ್ದರೆ ಅದರ ಕೆಳಗೇ ಪುಟ್ಟಿ ಬಾಯಿ ತೆರೆದುಕೊಂಡು ಕೂತಿರುತ್ತಿದ್ದಳು. ಮೂಗು ಅವಳಿಗೂ ಇತ್ತು, ಬಳಸುತ್ತಿರಲಿಲ್ಲ ಅಷ್ಟೆ. ಚಳಿಗಾಲ ಬಂತೆಂದರೆ ಎದೆಯೆಲ್ಲ ಗೊರಗೊರ, ಗೂರಲು. ಅಜ್ಜಿಯ ಪ್ರಕಾರ ಇದಕ್ಕೆಲ್ಲ ಕಾರಣ ನಾಲಿಗೆ. ಅದು ಮೇಲೆ ಅಂಗುಳಕ್ಕೆ ಅಂಟಿಕೊಂಡಿದ್ದರೆ ಬಾಯಿ ತಾನಾಗಿ ಮುಚ್ಚುತ್ತದೆ, ಉಸಿರು ಮೂಗಿನ ದಾರಿ ಹಿಡಿಯುತ್ತದೆ. ಅದಕ್ಕೇ ಬೆಲ್ಲದ ಚೂರು. ಅಂಗುಳಕ್ಕಿಟ್ಟು ನಾಲಿಗೆಯಲ್ಲಿ ಒತ್ತಿ, ಕಚ್ಚದೆ ಕರಗಿಸಬೇಕು. ಪುಟ್ಟಿ ಕಟಕ್ಕೆಂದು ಕಚ್ಚಿ ನುಂಗಿ, ಇನ್ನೊಂದಕ್ಕೆ ಬಾಯಿ ತೆರೆಯುತ್ತಿದ್ದಳು. "ನೊಣಕ್ಕೆ ಬಾಡಿಗೆಗೆ ಕೊಟ್ಟಿದ್ದೀಯೇನೇ ಬಾಯ್ನ?" ಅನ್ನುತ್ತಿತ್ತು ಅಜ್ಜಿ. ದಿನವಿಡೀ ಇದೇ ರಾಗ. ನನಗೆ ಮಾತ್ರ ಒಂದು ಚೂರೂ ಇಲ್ಲ; ಬಾಯಿ ಮುಚ್ಚಿಕೊಂಡಿದ್ದದ್ದೇ ನನ್ನ ತಪ್ಪು.

ಒಂದು ಚಳಿಗಾಲ ಅಪ್ಪ ಹೇಳಿಬಿಟ್ಟ, ಗೂರಲು ತಗ್ಗದಿದ್ದರೆ ಪುಟ್ಟಿಯನ್ನು ರಾಜಘಟ್ಟದ ಅತ್ತೆ ಮನೆಗೇ ಬಿಟ್ಟುಬಿಡುವುದು ಎಂದು. ಅಲ್ಲಿ ಹೊಲವಿದೆ, ಮಗ್ಗವಿಲ್ಲ. ಅಜ್ಜಿಗೆ ಅವಳನ್ನು ಕಳಿಸುವ ಮನಸ್ಸಿರಲಿಲ್ಲ. ಕರೆದೊಯ್ಯಲು ಅತ್ತೆ ಬರುವ ಹಿಂದಿನ ರಾತ್ರಿ, ಪುಟ್ಟಿ ನಿದ್ದೆಹೋದ ಮೇಲೆ, ಈ ಕೆಂಪಂಚಿನ ಪಟ್ಟಿಯಿಂದ ಅವಳ ಗದ್ದವನ್ನು ನೆತ್ತಿಗೆ ಬಿಗಿದು ಕಟ್ಟಿತು. ಹೆಣಕ್ಕೆ ಹಾಗೆ ಕಟ್ಟುತ್ತಾರೆ ಅನ್ನುವುದು ಅದಕ್ಕೆ ಹೊಳೆಯಲೇ ಇಲ್ಲ. ಬೆಳಗ್ಗೆ ಅತ್ತೆ ಗಾಡಿ ಇಳಿದು ಒಳಗೆ ಬಂದರೆ, ಚಾಪೆಯ ಮೇಲೆ ಬಿಳಿ ದುಪ್ಪಟಿ ಹೊದ್ದ, ಗದ್ದ ಕಟ್ಟಿದ ಮಗು. ಅತ್ತೆ ಎದೆ ಬಡಿದುಕೊಂಡು ಅತ್ತ ರಭಸಕ್ಕೆ ಬೀದಿಯ ಮಗ್ಗಗಳೆಲ್ಲ ನಿಂತವು. ಪುಟ್ಟಿ ಎದ್ದು ಕೂತು, ಹಲ್ಲು ಬಿಡಿಸಲಾಗದೆ ಮೂಗಿನಲ್ಲೇ ಕೇಳಿದಳು: "ಅತ್ತೆ, ಯಾರು ಸತ್ರು?"

ಬೀದಿ ನಕ್ಕಿತು, ಅಪ್ಪ ನಗಲಿಲ್ಲ. ಅಜ್ಜಿ, ತಾನು ರಾತ್ರಿಯಿಡೀ ಪಕ್ಕದಲ್ಲೇ ಕೂತಿದ್ದೆ, ಮಗು ಒಂದು ಸಲವೂ ಗೊರಗೊರ ಅನ್ನಲಿಲ್ಲ ಎಂದು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತೇ ಗಾಡಿ ಹೂಡಿದರು. ಅಜ್ಜಿ ಪುಟ್ಟಿಯ ಬಾಯಿಗೆ ಬೆಲ್ಲವಿಟ್ಟು, ಕರಗುವವರೆಗೂ ತೆರೆಯಬೇಡ ಎಂದಿತು. ಪುಟ್ಟಿ ತೆರೆಯಲಿಲ್ಲ. ಅಳಲಿಲ್ಲ, ಹೋಗಿಬರ್ತೀನಿ ಎನ್ನಲೂ ಇಲ್ಲ, ತುಟಿ ಬಿಗಿದುಕೊಂಡೇ ಬೀದಿ ತಿರುಗಿಹೋದಳು. "ಹೇಳಿದ ಮಾತು ಕೇಳೋಕೆ ಇವತ್ತೇ ಬೇಕಿತ್ತಾ ಇವಳಿಗೆ," ಎಂದು ಅಜ್ಜಿ ಹೊಸ್ತಿಲಲ್ಲೇ ಕೂತಿತು.

ರಾಜಘಟ್ಟದಲ್ಲಿ ಗೂರಲು ತಗ್ಗಿತು. ಗಾಳಿಯಿಂದ ಅಂದ ಅಪ್ಪ. ನಾಲಿಗೆಯಿಂದ ಅಂದಿತು ಅಜ್ಜಿ, ಪುಟ್ಟಿಯನ್ನು ಮತ್ತೆ ನೋಡದೆಯೇ. ಮರುಚಳಿಗಾಲ ಅಜ್ಜಿ ತೀರಿಹೋದಾಗ ಗದ್ದಕ್ಕೆ ಕಟ್ಟಲು ಇದೇ ಪಟ್ಟಿ ತಂದರು. ಬೇಕಾಗಲಿಲ್ಲ, ಬಾಯಿ ಮುಚ್ಚಿಯೇ ಇತ್ತು. ಆ ಪಡಸಾಲೆಯೂ ಈಗಿಲ್ಲ. ಮಗ್ಗದ ಗುಂಡಿ ಮುಚ್ಚಿ ಯಾರೋ ಸಿಮೆಂಟು ಹಾಕಿಸಿದ್ದಾರೆ.

ಇವತ್ತು ಮಧ್ಯಾಹ್ನದ ಬಸ್ಸಿಗೆ ಪುಟ್ಟಿ ಬಂದಳು. ತಲೆ ನರೆತಿದೆ. ರಾತ್ರಿ ಮುದ್ದೆ, ಹಿತುಕಿದ ಬೇಳೆ ಸಾರು ಉಂಡೆವು. ಆಮೇಲೆ ಅವಳೇ ಡಬ್ಬಿ ತೆಗೆದು ಒಂದು ಚೂರು ಬೆಲ್ಲ ಬಾಯಿಗಿಟ್ಟುಕೊಂಡಳು. ಏನು ಕೇಳಿದರೂ ಬೆರಳೆತ್ತಿ ತೋರಿಸುತ್ತಿದ್ದಳು, ತಾಳು, ಕರಗಿಲ್ಲ ಎಂದು. ಮೊದಲು ನಿದ್ದೆಹೋದವಳೂ ಅವಳೇ. ಬಾಯಿ ತೆರೆದೇ ಇತ್ತು.