ಹೊರಗಿನವಳಿಗೆ ಹೇಳಿದ್ದು

ಮನೆಯೊಳಗೆ ಮಕ್ಕಳು ಎಷ್ಟು ಸುರಕ್ಷಿತರು ಎಂಬ ನಮ್ಮ ಅಧ್ಯಯನಕ್ಕೆ ಕುಂದಾಣದ ಕಡೆಯ ಆ ಹಳ್ಳಿಯನ್ನು ಆರಿಸಿದ್ದು ನಾನೇ. ಸೋದರತ್ತೆಯ ಊರು ಅದು. ನನ್ನ ಬೇಸಿಗೆ ರಜೆಗಳೆಲ್ಲ ಅಲ್ಲೇ ಕಳೆದಿದ್ದವು. ಜೊತೆಗೆ ಬಂದ ಸಂಶೋಧಕಿ ಧಾರವಾಡದವಳು. ಅವಳು "ಏನ್ರೀ ಅಕ್ಕಾರ" ಎಂದರೆ ಸಾಕು, ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಇವಳ ಹತ್ತಿರ ಯಾರು ಬಾಯಿ ಬಿಡುತ್ತಾರೆ ಎಂದುಕೊಂಡಿದ್ದೆ.

ಬಿಟ್ಟಿದ್ದು ಅವಳ ಹತ್ತಿರವೇ. ನನಗೆ ಸಿಕ್ಕಿದ್ದು ಕಾಫಿ, ಹಲಸಿನ ತೊಳೆ, ಮದುವೆ ಯಾವಾಗ ಎಂಬ ವಿಚಾರಣೆ. ಏನು ಕೇಳಿದರೂ "ಎಲ್ಲಾ ಚೆನ್ನಾಗೈತೆ ಕಣವ್ವಾ" ಎಂಬ ಉತ್ತರ. ಅವಳು ಹಿತ್ತಿಲಲ್ಲಿ ಕುಳಿತರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಜಗುಲಿಯ ಮೇಲಿದ್ದ ನನಗೆ ತೆರೆದ ಹಿಂಬಾಗಿಲಿನಿಂದ ಕಾಣುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು.

ಅತ್ತೆಯ ಎದುರು ಮನೆಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ಚಿಕ್ಕವಳಾಗಿದ್ದಾಗ ನಾನೇ ಎತ್ತಿ ಆಡಿಸಿದ್ದೆ. ಒಂದು ಸಂಜೆ ಶಾಲೆ ಬಿಟ್ಟು ಓಡಿಬಂದವಳು, ನನ್ನನ್ನು ದಾಟಿ ಹೋಗಿ ಧಾರವಾಡದವಳ ಕೈ ಹಿಡಿದುಕೊಂಡಳು. ಅಪ್ಪ ಕುಡಿದು ಬಂದು ಅಮ್ಮನಿಗೂ ತನಗೂ ಬೆಲ್ಟಿನಲ್ಲಿ ಬಾರಿಸುತ್ತಾನೆ, ಮನೆಗೆ ಹೋಗೋಕೆ ಭಯ ಎಂದಳು. ತೋಳಿನ ಬಾಸುಂಡೆ ತೋರಿಸಿದ್ದೂ ಅವಳಿಗೇ.

ನನ್ನ ಜೊತೆಗಾತಿ ತಡಮಾಡದೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. ಅಧಿಕಾರಿಗಳು ಬಂದರು, ಪೊಲೀಸರೂ ಬಂದರು. ತಾಯಿ ಮಗಳು ಸದ್ಯಕ್ಕೆ ಹೊಸಕೋಟೆಯಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿರುವುದೆಂದು ತೀರ್ಮಾನವಾಯಿತು.

ತಾಯಿ ಬಟ್ಟೆ ಜೋಡಿಸಿಕೊಳ್ಳುತ್ತಿದ್ದಾಗ ನಾನು ತಡೆಯಲಾರದೆ ಕೇಳಿಬಿಟ್ಟೆ: "ಅಕ್ಕಾ, ನಾನೂ ದಿನಾ ಬರ್ತಿದ್ನಲ್ಲ. ನಂಗ್ಯಾಕೆ ಹೇಳ್ಲಿಲ್ಲ?"

"ನೀನು ನಮ್ಮೋಳು ಕಣವ್ವಾ. ನಿಂಗೆ ಹೇಳಿದ್ರೆ ನಿಮ್ಮತ್ತೆಗೆ ಗೊತ್ತಾಗುತ್ತೆ, ಆಮೇಲೆ ಬೀದಿಗೆಲ್ಲಾ ಗೊತ್ತಾಗುತ್ತೆ. ನನ್ ಗಂಡ ಸುಮ್ಕಿರ್ತಾನಾ? ಆಯಮ್ಮನಿಗಾದ್ರೆ ಇಲ್ಲಿ ಯಾರವ್ರೆ, ಕೆಲ್ಸ ಮುಗಿದ್ರೆ ಬಸ್ ಹತ್ತಿ ಹೊರಟೋಗ್ತಾಳೆ."

ಅವಳು ಹೇಳಿದ್ದು ನಿಜ. ಅರ್ಥವೂ ಆಯಿತು. ಆದರೂ ಅವತ್ತು ಬಸ್ಸಿನಲ್ಲಿ ಜೊತೆಗಾತಿಯ ಪಕ್ಕದ ಸೀಟು ಖಾಲಿಯಿದ್ದರೂ ನಾನು ಹಿಂದೆ ಹೋಗಿ ಕುಳಿತೆ.

ತಾಯಿ ಈಗ ಹೊಸಕೋಟೆಯಲ್ಲೇ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಗಂಡನ ಮನೆಗೆ ಮರಳಲಿಲ್ಲ. ಈ ವರ್ಷ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಸುದ್ದಿ ನನಗೆ ಬಂದಿದ್ದು ಧಾರವಾಡದಿಂದ. "ಹುಡುಗಿ ಫೋನ್ ಮಾಡಿದ್ಳು ನೋಡವಾ, ಭಾಳ ಖುಷಿ ಆತು" ಎಂದಳು ಜೊತೆಗಾತಿ. ನನಗೂ ಖುಷಿಯಾಯಿತು. ಆದರೆ ನನ್ನ ನಂಬರೂ ಆ ಹುಡುಗಿಯ ಹತ್ತಿರ ಇದೆ.