ನೂರಡಿ ಹಗ್ಗದ ಆರೋಗ್ಯಸ್ವಾಮಿ

“ಒಣಗಿದ್ದೀಯಾ, ಇಲ್ಲಾ ಇನ್ನೂ ತ್ಯಾವ ಐತಾ?”

ಕೇಳಿಸಿಕೊಳ್ಳಲು ಮೈದಾನದಲ್ಲಿ ಯಾರೂ ಇಲ್ಲ. ನಜರ್‌ಬಾದಿನ ಮರಗಳ ಹಿಂದೆ ಈಗಷ್ಟೇ ಬೆಳಕು ಹರಿಯುತ್ತಿದೆ. ಆರೋಗ್ಯಸ್ವಾಮಿಯವರು ಹಗ್ಗವನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ಅಂಗೈ ಸುಣ್ಣಕ್ಕೆ ಬೆಂದು ದಡ್ಡುಗಟ್ಟಿ ಹೋಗಿದೆ. ತೇವ ತಿಳಿಯುವುದು ಈಗ ಕೆನ್ನೆಗೆ ಮಾತ್ರ.

ಗಂಡುಮಕ್ಕಳ ಈ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಅವರು ಮೈದಾನದ ಆಳು. ಉದ್ದಜಿಗಿತದ ಗುಂಡಿಯ ಮರಳನ್ನು ಜರಡಿ ಹಿಡಿಯುವವರು, ಎತ್ತರಜಿಗಿತದ ಕಂಬ ನೆಡುವವರು, ಓಟದ ಗೆರೆ ಹಾಕುವವರು ಅವರೇ. ನಾಳೆಯ ಕ್ರೀಡಾಕೂಟಕ್ಕೆ ಎಂಟು ಬುಟ್ಟಿ ಸುಣ್ಣ ಬೇಕು. ತೂತು ಹೊಡೆದ ಡಬ್ಬಿ ಹಿಡಿದು ಬೆನ್ನು ಬಗ್ಗಿಸಿದರೆ ಏಳುವುದು ಮಧ್ಯಾಹ್ನಕ್ಕೇ. ಬಹುಮಾನ ಕೊಡುವ ಹೊತ್ತಿಗೆ ಅವರು ಬೇಲಿಯಾಚೆ ನಿಂತಿರಬೇಕು. ಸುಣ್ಣದ ಬಟ್ಟೆ ದೊಡ್ಡವರ ಕಣ್ಣಿಗೆ ಬೀಳಬಾರದಂತೆ.

ಅಳತೆಗೆ ಇರುವುದು ನೂರಡಿಯ ಒಂದು ಸೆಣಬಿನ ಹಗ್ಗ. ಶಾಲೆಯ ಅಂಗಳದಲ್ಲಿ ನೂರಡಿ ಅಂತರಕ್ಕೆ ಎರಡು ಕಲ್ಲು ನೆಟ್ಟಿದ್ದಾರೆ. ಗೆರೆ ಹಾಕುವ ಮುನ್ನ ಹಗ್ಗವನ್ನು ಆ ಕಲ್ಲುಗಳ ನಡುವೆ ಎಳೆದು ನೋಡುವುದು ಅವರ ವ್ರತ. ಆ ವ್ರತ ತಪ್ಪಿದ್ದು ಒಂದೇ ಸಲ, ನಾಲ್ಕು ವರ್ಷದ ಹಿಂದೆ.

“ಸಾಯಂಕಾಲವೇ ನೋಡಿದ್ದೆ, ಸರಿಯಾಗೇ ಇತ್ತು. ರಾತ್ರಿ ಮಳೆ ಬಂತು, ಹಗ್ಗ ಹುಲ್ಲಲ್ಲೇ ಬಿದ್ದಿತ್ತು. ಬೆಳಿಗ್ಗೆ ಆತುರದಾಗೆ ಅಂಗೇ ಅಳೆದ್ಬುಟ್ಟೆ. ಸೆಣಬು ನೆಂದ್ರೆ ಗಿಡ್ಡಾಯ್ತದೆ ಕಣ್ರೀ,” ಎನ್ನುತ್ತಾರೆ ಆರೋಗ್ಯಸ್ವಾಮಿಯವರು.

ನೂರಡಿಗೆ ಒಂದು ಮೊಳ ಕಡಿಮೆ. ಕಾಲು ಮೈಲಿಯ ಓಟಕ್ಕೆ ಆ ಹಗ್ಗವನ್ನು ಹದಿಮೂರು ಸಲಕ್ಕೂ ಮಿಕ್ಕಿ ಹಾಸಬೇಕು. ಇಪ್ಪತ್ತಡಿ ಮಾಯ. ಅಂದೇ ಚೆಲುವರಾಜು ಎಂಬ ಹುಡುಗ ಐವತ್ತಾರು ಸೆಕೆಂಡಿಗೆ ಓಡಿ ಮುಗಿಸಿದ; ಶಾಲೆಯ ದಾಖಲೆಗಳ ಹಲಗೆಯ ಮೇಲೆ ಹೊನ್ನಿನ ಬಣ್ಣದಲ್ಲಿ ಅವನ ಹೆಸರು ಏರಿತು. ಮಾರನೆಯ ದಿನ ಇನ್ನೂ ತೇವವಿದ್ದ ಹಗ್ಗವನ್ನು ಕಲ್ಲಿಗೆ ಕಟ್ಟಿದಾಗ ಆರೋಗ್ಯಸ್ವಾಮಿಯವರಿಗೆ ಅದು ತಿಳಿಯಿತು. ಓಡಿಹೋಗಿ ಡ್ರಿಲ್ ಮೇಷ್ಟ್ರು ಸದಾಶಿವಯ್ಯನವರಿಗೆ ಹೇಳಿದರು.

“ಬಾಯಿ ಮುಚ್ಕೊಂಡಿದ್ರೆ ಕೋಣೆ ಉಳಿಯುತ್ತೆ,” ಅಂದರು ಮೇಷ್ಟ್ರು.

ಕೋಣೆ ಎಂದರೆ ಶಾಲೆಯವರು ವಾಸಕ್ಕೆ ಕೊಟ್ಟ, ಗರಡಿಯ ಹಿಂದಿನ ಒಂದು ಅಂಕಣ. ಹೆಂಡತಿ ಪೌಲಿನಮ್ಮನಿಗೆ ಕಣ್ಣು ಹೋಗಿದೆ. ಆ ಗೋಡೆಗಳನ್ನು ಸವರಿಕೊಂಡೇ ಅವರ ಓಡಾಟ, ಅಡಿಗೆ, ಜಪ. ಬೇರೆ ಗೋಡೆ ಅವರಿಗೆ ಗೊತ್ತಿಲ್ಲ. ಆರೋಗ್ಯಸ್ವಾಮಿಯವರು ಬಾಯಿ ಮುಚ್ಚಿಕೊಂಡರು. ಚರ್ಚಿನಲ್ಲಿ ಪಾದ್ರಿಗಳ ಮುಂದೆ ಮಂಡಿಯೂರಿ ಹೇಳಿಕೊಂಡರು. “ದೇವರು ಕ್ಷಮಿಸ್ದ ಅಂದ್ರು. ಹಲಗೆ ಅಲ್ಲೇ ಐತಲ್ಲ?”

ಕಳೆದ ವರ್ಷ ಹೂಟಗಳ್ಳಿಯಿಂದ ದಿನಾ ನಡೆದು ಬರುತ್ತಿದ್ದ ರೈತರ ಹುಡುಗ ಮಹದೇವು ಸರಿಯಳತೆಯ ಗೆರೆಯ ಮೇಲೆ ಓಡಿದ. ಐವತ್ತಾರೂವರೆ. ದಾಖಲೆ ಮುರಿದವನಿಗೆ ಸಿಗುವ ಬೆಳ್ಳಿ ಬಟ್ಟಲು ಅರ್ಧ ಸೆಕೆಂಡಿಗೆ ತಪ್ಪಿತು. ಅಸಲಿಗೆ ಗೆದ್ದವನು ಅವನೇ ಎಂದು ಬಲ್ಲವರು ಇಬ್ಬರೇ. ಹುಡುಗ ಸುಣ್ಣದ ಬುಟ್ಟಿಯ ಪಕ್ಕ ಕುಸಿದು ಕೇಳಿದನಂತೆ: “ನಾನೆಲ್ಲಿ ಸೋತೆ ತಾತ?”

“ಮಾತು ನಾಲಿಗೆ ತುದೀಗೆ ಬಂದಿತ್ತು. ನುಂಗ್ಬುಟ್ಟೆ. ಇನ್ನೂ ಒಳಗೇ ಸುಡ್ತಾ ಐತೆ, ಸುಣ್ಣ ನುಂಗ್ದಂಗೆ.”

ಮಹದೇವು ಮತ್ತೆ ಶಾಲೆಗೆ ಬರಲಿಲ್ಲ.

ಬಿಸಿಲೇರಿದೆ. ಕೊನೆಯ ಗೆರೆಗೆ ಗೂಟ ಹೊಡೆಯುವಾಗ ಸದಾಶಿವಯ್ಯನವರು ಕೊಡೆ ಹಿಡಿದು ಬರುತ್ತಾರೆ.

“ಆರೋಗ್ಯಾ, ನಾಳೆ ಬರೋರು ದೊಡ್ಡ ಮನುಷ್ಯರು. ಅವರ ಕಣ್ಣೆದುರಿಗೆ ಆ ದಾಖಲೆ ಮುರೀಬೇಕು. ಗುರಿ ಗೆರೆ ನಾಲ್ಕು ಮಾರು ಈಚೆಗೆ ಎಳೆದುಬಿಡು. ಯಾರು ಅಳೀತಾರೆ?”

“ನಾನು ಅಳೀತೀನಲ್ಲ ಮೇಷ್ಟ್ರೇ.”

“ಲೋ, ಹೆಡ್‌ಮಾಸ್ಟರು ನಿನ್ನ ತೆಗೀಬೇಕು ಅಂತಿದಾರೆ. ಕೈ ನಡುಗುತ್ತೆ, ಗೆರೆ ಸರಿಯಿಲ್ಲ, ಅದಕ್ಕೇ ಹುಡುಗರು ಓಡ್ತಿಲ್ಲ ಅಂತ. ಇದೊಂದು ಮಾಡು. ಕೋಣೆ ನಿಂದೇ ಅಂತ ಬರೆಸಿಕೊಡ್ತೀನಿ. ಪೌಲಿನಮ್ಮನ ನೆನಪು ಮಾಡ್ಕೋ.”

ಆರೋಗ್ಯಸ್ವಾಮಿಯವರು ಗರಡಿಯ ಕಡೆ ಒಮ್ಮೆ ನೋಡುತ್ತಾರೆ. ಬಾಗಿಲಲ್ಲಿ ಪೌಲಿನಮ್ಮ ಒಂದು ಕೈ ಗೋಡೆಗಿಟ್ಟು ನಿಂತಿದ್ದಾರೆ. ಆರೋಗ್ಯಸ್ವಾಮಿಯವರು ಬಗ್ಗಿ, ಗೂಟಕ್ಕೆ ಇನ್ನೊಂದು ಏಟು ಹಾಕುತ್ತಾರೆ, ಅಳತೆ ಹೇಳಿದ ಜಾಗದಲ್ಲೇ.

“ಎಳಿಯಾಕಿಲ್ಲ ಮೇಷ್ಟ್ರೇ.”