ಕಪ್ತಾನನ ಬೆನ್ನ ಹಿಂದಿನ ಹೆಂಗಸು

ಕಡಲಾಚೆಯ ಬಂದರು ಊರು ಮೆಲಾಕಾದ ಹಳೆಯ ಬೀದಿಯಲ್ಲಿ ಅಂಗಡಿಗಳಿನ್ನೂ ಬಾಗಿಲು ತೆರೆದಿಲ್ಲ. ಖಾಸಗಿ ಚಿತ್ರಸಂಗ್ರಹವೊಂದರ ಮಹಡಿಯ ಕಿಟಕಿಯ ಬಳಿ ಸುಫಿಯಾ ಹಳೆಯ ಹಾಳೆಯೊಂದನ್ನು ಓರೆಯಾಗಿ ಹಿಡಿದು ನಿಂತಿದ್ದಾರೆ. ಮುಂಜಾವಿನ ಅಡ್ಡ ಬೆಳಕಿಗೆ ಬೂಷ್ಟು ಎದ್ದು ಕಾಣುತ್ತದೆ. ಅದನ್ನು ಉಜ್ಜುವಂತಿಲ್ಲ, ಮೆತ್ತನೆಯ ಬ್ರಷ್ಷಿನಿಂದ ಸವರಬೇಕು. ಮಾಸ್ಕ್ ಇದ್ದರೂ ಸೀನು ತಡೆಯದು.

"ಇವತ್ತ್ ತಗದದ್ದು ಮುಂದಿನ ಮಳಿಗೆ ಮತ್ತ ಬರ್ತೈತ್ರಿ. ಈ ಊರಿನ ಹವಾನ ಹಂಗ. ಸಾಕಾಗಿ ಹೋಗೈತಿ."

ಹುಬ್ಬಳ್ಳಿಯಲ್ಲಿ ಅವರ ತಂದೆಗೆ ಫೋಟೊ ಫ್ರೇಮ್ ಹಾಕುವ ಅಂಗಡಿಯಿತ್ತು. ಗಂಡ ನಯಾಜ್‌ಗೆ ಇಲ್ಲಿನ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು, ಇವರೂ ಬಂದರು. ಹಳೆಯ ಚಿತ್ರಗಳನ್ನು ಶುಚಿ ಮಾಡಿ ಫ್ರೇಮಿಗೆ ಕೂರಿಸುವ ಸುಫಿಯಾರ ಕೆಲಸ ವರ್ಷವರ್ಷದ ಗುತ್ತಿಗೆಯದು. ದಿನಕ್ಕೆ ಎರಡು ಹಾಳೆ ಮುಗಿದರೆ ಹೆಚ್ಚು. ಸಂಜೆಗೆ ಕತ್ತು ತಿರುಗುವುದಿಲ್ಲ.

ಮೇಜಿನ ಮೇಲಿರುವುದು ಮೂರು ಶತಮಾನಗಳಾಚೆ ಯುರೋಪಿನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ ಭಾವಚಿತ್ರಗಳು. ಫೋಟೊ ಇಲ್ಲದ ಕಾಲದಲ್ಲಿ ಕಪ್ತಾನರು, ವ್ಯಾಪಾರಿಗಳು, ಪಾದ್ರಿಗಳ ಮುಖ ಊರೂರು ಸುತ್ತಿದ್ದು ಇಂಥ ಹಾಳೆಗಳಲ್ಲೇ. ಕೆಳಗೆ ಬಿರುದು, ಹೊಗಳಿಕೆಯ ಪದ್ಯ. ಗೆಳೆಯರಿಗೆ ಹಂಚಿದರು, ಆಲ್ಬಂಗೆ ಅಂಟಿಸಿದರು. ಎಂದೂ ಕಾಣದ ಒಡೆಯನಿಗೆ ತಲೆಬಾಗುವುದನ್ನು ಜನ ಕಲಿತದ್ದು ಹೀಗೂ ಹೌದು. ದುಡ್ಡಿದ್ದವನ ಮುಖ ಅಚ್ಚಾಯಿತು. ದುಡಿದವರು ಅಂಚಿಗೆ ಸರಿದರು.

ಅಂಥ ಒಂದು ಅಂಚಿನಲ್ಲಿ, ಕಪ್ತಾನನೊಬ್ಬನ ಹಿಂದೆ, ಛತ್ರಿ ಹಿಡಿದ ಆಳು ಹೆಂಗಸು ನಿಂತಿದ್ದಾಳೆ. ಹೆಸರಿಲ್ಲ. ಮೊನ್ನೆಯ ತನಕ ಫ್ರೇಮಿನೊಳಗೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು, ಮೌಂಟ್ ಬೋರ್ಡು, ಅವಳನ್ನು ಮುಚ್ಚಿಟ್ಟಿತ್ತು. ಛತ್ರಿಯಷ್ಟೇ ಗಾಳಿಯಲ್ಲಿ ತೇಲುತ್ತಿತ್ತು. ಈ ವಾರದ ಪ್ರದರ್ಶನಕ್ಕೆಂದು ಸುಫಿಯಾ ಬೋರ್ಡಿನ ಕಿಂಡಿಯನ್ನು ಅಗಲವಾಗಿ ಕೊಯ್ದು ಅವಳನ್ನು ಹೊರಗೆ ತಂದಿದ್ದಾರೆ. ಯಾರನ್ನೂ ಕೇಳಿಲ್ಲ.

ಮ್ಯಾನೇಜರ್ ರಾಧಾಕೃಷ್ಣ ಮೈಸೂರಿನವರು. ಕೆಟ್ಟವರಲ್ಲ, ದಿನಾ ಬರುವಾಗ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಇವರಿಗೂ ಟೀ ತಪಾವ್ ಮಾಡಿಸಿ, ಎಂದರೆ ಪಾರ್ಸೆಲ್ ಕಟ್ಟಿಸಿ, ತರುತ್ತಾರೆ. ಇವತ್ತು ಟೀ ಕೆಳಗಿಟ್ಟವರು ಫ್ರೇಮಿನ ಮುಂದೆ ನಿಂತುಬಿಡುತ್ತಾರೆ.

"ಸುಫಿಯಾ ಅವ್ರೇ, ಜನ ನೋಡಕ್ಕೆ ಬರೋದು ಕ್ಯಾಪ್ಟನ್‌ನ. ಇವಳು ಡಿಸ್ಟರ್ಬ್ ಮಾಡ್ತಾಳೆ. ಸಂಜೆಯೊಳಗೆ ಮೊದಲಿನ ಹಾಗೇ ಮಾಡ್ಬಿಡಿ. ನಿಮ್ಮ ರಿನ್ಯೂವಲ್ ಟೈಮು ಬೇರೆ."

ಧಮಕಿಯನ್ನು ಕಾಳಜಿಯಂತೆ ಆಡುವ ಈ ಕಲೆ ಕಪ್ತಾನನಿಗಿಂತ ಹಳೆಯದು.

ಸುಫಿಯಾ ಹೊಸದೊಂದು ಬೋರ್ಡನ್ನೂ ಅದನ್ನು ಕೊಯ್ಯುವ ಚಾಕುವನ್ನೂ ಅವರತ್ತ ಸರಿಸುತ್ತಾರೆ. "ನನ್ ಕೈಲೆ ಆಗಂಗಿಲ್ಲ ಸರ್. ಮುಚ್ಚೋದಿದ್ರ ನೀವ ಮುಚ್ರಿ."

ರಾಧಾಕೃಷ್ಣ ಚಾಕು ಮುಟ್ಟುವುದಿಲ್ಲ. ಮಾಲೀಕರನ್ನು ಕೇಳುತ್ತೇನೆಂದು ಮೆಟ್ಟಿಲಿಳಿಯುತ್ತಾರೆ. ಮಧ್ಯಾಹ್ನವಾದರೂ ಉತ್ತರ ಬಂದಿಲ್ಲ. ಸುಫಿಯಾ ಮುಂದಿನ ಹಾಳೆ ಎತ್ತಿಕೊಂಡಿದ್ದಾರೆ. ಪ್ರದರ್ಶನದ ಗೋಡೆಯ ಮೇಲೆ ನಿಮ್ಮ ಹೆಸರೂ ಇರಬೇಕಲ್ಲವೇ ಎಂದರೆ ದಣಿದ ನಗು.

"ನಂದು ಬ್ಯಾಡ್ರಿ. ಬಂದ ಮಂದಿಯೊಳಗ ಒಬ್ಬರರ 'ಇಕಿ ಯಾರು' ಅಂತ ಕೇಳಿದ್ರ ಸಾಕು."